ಮೂರು ವಾರಕ್ಕೆಂದು ಕೊಂಡ ಷೇರು ಮೂರು ತಿಂಗಳಾದರೂ ಕೈಯಲ್ಲೇ ಇದೆ: ಮಾರಲೇ, ಕಾಯಲೇ?

ಪ್ರಶ್ನೆ: ನಾನು ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಾಗ ದಾಲ್ ಮಿಲ್ ಒಂದರಾಗ ಲೆಕ್ಕ ಬರೀತೀನ್ರಿ. ವರ್ಷದಿಂದ ಸ್ವಿಂಗ್ ಟ್ರೇಡಿಂಗ್ (ಕೆಲವು ದಿನ, ವಾರದಾಗ ಕೊಂಡು ಮಾರೋದು) ಮಾಡ್ಲಾಕತ್ತೀನಿ, ಬಂಡವಾಳ 4 ಲಕ್ಷ. ಈ ಹಣಕಾಸು ವರ್ಷದಾಗ ಡೆಲಿವರಿ ತಗೊಂಡು, ಅಂದ್ರ ಷೇರು ಖಾತೆಗೆ ಬಂದ ಮ್ಯಾಲ, ಮಾರಿ 60 ಸಾವಿರ ಲಾಭ ಮಾಡಿದ್ದೆ, ಅದು ಮನಿ ಖರ್ಚಿಗೆ ಹೋಗ್ಯಾದ. ಈಗ ಪೇಟೆ ಬಿದ್ದು ಮೂರು ಷೇರು ಸಿಕ್ಕೊಂಡಾವ. ಸರ್ಕಾರಿ ಬ್ಯಾಂಕಿನ 250 ಷೇರು 400ಕ್ಕ ತಗೊಂಡಿದ್ದೆ, ಈಗ 368. ಸಣ್ಣ ಕಂಪನಿದು 500 ಷೇರು 240ಕ್ಕ ತಗೊಂಡೆ, 225ಕ್ಕ ಸ್ಟಾಪ್‌ಲಾಸ್ (ಅಷ್ಟಕ್ಕ ಇಳಿದ್ರ ಮಾರೋ ಆರ್ಡರ್) ಇತ್ತು, ಹತ್ರ ಬಂದಾಗ ಆರ್ಡರ್ ತೆಗೆದೆ, 210ಕ್ಕ ಇನ್ನೂ 500 ಹಾಕಿ ಆವರೇಜ್ ಮಾಡಿದೆ. ಈಗ 176. ಮೂರನೇದು ಎಂಟಿಎಫ್‌ನಾಗ, ಅಂದ್ರ ಬ್ರೋಕರ್ ಸಾಲದಾಗ, 1.20 ಲಕ್ಷದ್ದು, ನಂದು 60 ಸಾವಿರ, ಬ್ರೋಕರ್‌ದು 60 ಸಾವಿರ, ಶೇ 10 ಇಳಿದದ. ಟೆಲಿಗ್ರಾಂ ಗ್ರೂಪಿನವರು ಹೋಲ್ಡ್ ಮಾಡ್ರಿ, ಲಾಂಗ್ ಟರ್ಮ್‌ಗೆ ಛಲೋ ಅದ ಅನ್ಲಾಕತ್ತಾರ. ಸೊಸೈಟಿ ಸಾಲ ತೆಗೆದು ಇನ್ನೊಮ್ಮೆ ಆವರೇಜ್ ಮಾಡ್ಲೇನ್ರಿ? ವೈಶಾಖದಾಗ ತಂಗಿ ಮದುವಿ ಅದ, ಒಂದೂವರೆ ಲಕ್ಷ ಬೇಕು.

ಉತ್ತರ: ಸೊಸೈಟಿ ಸಾಲ ತೆಗೆಯಬೇಡಿ. ಎಂಟಿಎಫ್ ಖರೀದಿಯನ್ನು ಈ ವಾರವೇ ಮುಗಿಸಿ ಬ್ರೋಕರ್ ಸಾಲ ತೀರಿಸಿ. ಸಣ್ಣ ಕಂಪನಿಯ ಸಾವಿರ ಷೇರನ್ನೂ ಮಾರಿ. ಬ್ಯಾಂಕ್ ಷೇರಿನಲ್ಲಿ ಅರ್ಧ ಮಾರಿ, ಉಳಿದರ್ಧಕ್ಕೆ ಇಷ್ಟಕ್ಕಿಂತ ಇಳಿದರೆ ಮಾರುತ್ತೇನೆ ಎಂಬ ಒಂದು ಗಡಿ ಗೊತ್ತುಮಾಡಿಕೊಂಡು ಇಟ್ಟುಕೊಳ್ಳಿ. ಬಂದ ಹಣದಲ್ಲಿ ಮೊದಲು ಮದುವೆಯ ಒಂದೂವರೆ ಲಕ್ಷ ಬ್ಯಾಂಕಿಗೆ ಹೋಗಲಿ. ಇದು ನನ್ನ ಉತ್ತರ. ಬರೀ ಇಷ್ಟನ್ನೇ ಓದಿ ಮಾರಿದರೆ ಮುಂದಿನ ಸಲ ಪೇಟೆ ತಿರುಗಿದಾಗ ನೀವು ಮತ್ತೆ ಇದೇ ಪ್ರಶ್ನೆ ಹಿಡಿದು ಕೂರಬೇಕಾಗುತ್ತದೆ. ಹಾಗಾಗಿ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಸಣ್ಣ ಕಂಪನಿಯ ಷೇರಿನಲ್ಲಾದ 49 ಸಾವಿರದ ನಷ್ಟಕ್ಕಿಂತ ‘ಲಾಂಗ್ ಟರ್ಮ್‌ಗೆ ಛಲೋ ಅದ’ ಎಂಬ ಮಾತು. ಆ ಷೇರು ಕೊಂಡ ದಿನ ನಿಮ್ಮ ಮನಸ್ಸಿನಲ್ಲಿದ್ದದ್ದು ಮೂರು ವಾರ. ಕಂಪನಿಯ ಸಾಲವೆಷ್ಟು, ಪ್ರವರ್ತಕರು ಎಷ್ಟು ಷೇರು ಅಡ ಇಟ್ಟಿದ್ದಾರೆ, ಐದು ವರ್ಷದಿಂದ ಲಾಭ ಬೆಳೆದಿದೆಯೇ ಕುಗ್ಗಿದೆಯೇ ಎಂಬುದನ್ನು ನೀವು ನೋಡಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಮೂರು ವಾರದ ವ್ಯವಹಾರಕ್ಕೆ ಬೇಕಾದದ್ದು ಚಾರ್ಟ್, ವಾಲ್ಯೂಮ್ (ವಹಿವಾಟಿನ ಪ್ರಮಾಣ), ಒಂದು ಸುದ್ದಿ, ಒಂದು ಗಡಿ. ಈಗ ಬೆಲೆ ಕೆಳಗೆ ಬಂದ ಒಂದೇ ಕಾರಣಕ್ಕೆ ಅದನ್ನು ಮೂರು ವರ್ಷದ ಹೂಡಿಕೆ ಎಂದು ಕರೆದರೆ, ಮೂರು ವರ್ಷ ಇಟ್ಟುಕೊಳ್ಳಲು ಬೇಕಾದ ವಿಚಾರಣೆ ಯಾವುದೂ ಆಗಿರುವುದಿಲ್ಲ. ಪೇಟೆ ನಮಗೆ ವಿರುದ್ಧವಾಗಿ ತಿರುಗಿದಾಗ ಬದಲಾಗಬೇಕಾದದ್ದು ನಮ್ಮ ಅಂದಾಜು ಮತ್ತು ನಾವು ತೊಡಗಿಸುವ ಹಣದ ಗಾತ್ರ. ಹೆಚ್ಚಿನವರು ಅವೆರಡನ್ನೂ ಹಾಗೇ ಬಿಟ್ಟು ಅವಧಿಯನ್ನು ಮಾತ್ರ ಉದ್ದ ಮಾಡುತ್ತಾರೆ. ನೀವು ಮಾಡಿದ್ದೂ ಅದನ್ನೇ.

ನೀವು ದಾಲ್ ಮಿಲ್ಲಿನಲ್ಲಿರುವುದರಿಂದ ಗಂಜ್‌ನ (ಧಾನ್ಯ ಮಾರುಕಟ್ಟೆಯ) ಮಾತಿನಲ್ಲೇ ಹೇಳುತ್ತೇನೆ. ತೊಗರಿ ದರ ಎರಡು ರೀತಿಯಲ್ಲಿ ಇಳಿಯುವುದನ್ನು ನೀವು ಕಂಡಿದ್ದೀರಿ. ಎರಡು ದಿನ ಮೋಡ ಮುಚ್ಚಿ ಬಿಸಿಲು ಬಂತು, ರೈತರೆಲ್ಲ ಒಂದೇ ಸಲ ಚೀಲ ತಂದರು, ಆವಕ ಹೆಚ್ಚಾಗಿ ದರ ಕುಸಿಯಿತು. ಮುಂದಿನ ವಾರ ತಾನಾಗಿ ಸರಿಹೋಯಿತು. ಇದು ಒಂದು ಇಳಿತ. ಇನ್ನೊಂದು, 2024ರಲ್ಲಿ ಕ್ವಿಂಟಲ್‌ಗೆ 12,000 ದಾಟಿದ್ದ ತೊಗರಿ 2025ರ ಆರಂಭಕ್ಕೆ, ಹೊಸ ಬೆಳೆ ಬರುವ ಹೊತ್ತಿಗೆ, 7,550 ರೂಪಾಯಿಯ ಬೆಂಬಲ ಬೆಲೆಯ ಆಸುಪಾಸಿಗೆ ಬಂದದ್ದು. ಆಗ ಹೊರದೇಶದಿಂದ ಸುಂಕವಿಲ್ಲದೆ ಮಾಲು ಬರುತ್ತಿತ್ತು, ಇಲ್ಲಿ ಬೆಳೆಯೂ ಬಂದಿತ್ತು. ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000ಕ್ಕೆ ಖರೀದಿಸಬೇಕಾಯಿತು. ವಾರದ ದರದ ವ್ಯತ್ಯಾಸಕ್ಕೆಂದು ಮಾಲು ಹಿಡಿದ ವ್ಯಾಪಾರಿ ಮೊದಲನೆಯ ಇಳಿತದಲ್ಲಿ ಕಾಯುತ್ತಾನೆ, ಎರಡನೆಯದರಲ್ಲಿ ಸಿಕ್ಕ ದರಕ್ಕೆ ಕೊಟ್ಟು ಗೋದಾಮು ಖಾಲಿ ಮಾಡುತ್ತಾನೆ. ಷೇರಿನಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಇದು ಎಂಥ ಇಳಿತ?

ತೊಂದರೆಯೆಂದರೆ ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಹಿಂದಿನ ದಿನ ಶೇ 3ಕ್ಕೂ ಹೆಚ್ಚು ಏರಿದ್ದ ನಿಫ್ಟಿ (ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಅಂದು ಒಂದೇ ದಿನದಲ್ಲಿ ಶೇ 6ರ ಹತ್ತಿರ ಕುಸಿದು 21,884ಕ್ಕೆ ಮುಗಿಯಿತು. ಆ ಮಧ್ಯಾಹ್ನ ಹೆದರಿ ಮಾರಿದವರು ಮೂರೇ ದಿನದಲ್ಲಿ, ಜೂನ್ 7ರಂದು, ನಿಫ್ಟಿ 23,290ಕ್ಕೆ ಮರಳಿದ್ದನ್ನು ನೋಡಿ ಕೈ ಕೈ ಹಿಸುಕಿಕೊಂಡರು. ಅದರಿಂದ ಬಹಳ ಜನ ಕಲಿತ ಪಾಠ, ‘ಬಿದ್ದರೆ ಮಾರಬಾರದು, ಕೊಳ್ಳಬೇಕು’ ಎಂಬುದು. ಅದೇ ಪಾಠ ಹಿಡಿದು ಆ ವರ್ಷದ ಅಕ್ಟೋಬರ್‌ನಲ್ಲಿ ಕೊಂಡವರ ಗತಿ ಬೇರೆಯಾಯಿತು. ಸೆಪ್ಟೆಂಬರ್ 27ರಂದು 26,277ರ ಎತ್ತರ ಮುಟ್ಟಿದ್ದ ನಿಫ್ಟಿ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಐದು ತಿಂಗಳು ಒಂದೇ ಸಮನೆ ಇಳಿಯಿತು. 1996ರ ನಂತರ ಹಾಗಾದದ್ದು ಅದೇ ಮೊದಲು. ಅಕ್ಟೋಬರ್ ಒಂದೇ ತಿಂಗಳಲ್ಲಿ ವಿದೇಶಿ ಸಂಸ್ಥೆಗಳು ಒಂದು ಲಕ್ಷ ಕೋಟಿಗೂ ಹೆಚ್ಚಿನ ಷೇರು ಮಾರಿದ್ದವು. ನಮ್ಮ ಮ್ಯೂಚುವಲ್ ಫಂಡ್, ವಿಮಾ ಸಂಸ್ಥೆಗಳು ಹೆಚ್ಚುಕಡಿಮೆ ಅಷ್ಟನ್ನೇ ಕೊಂಡರೂ ಇಳಿತ ನಿಲ್ಲಲಿಲ್ಲ. ಸಣ್ಣ ಕಂಪನಿಗಳ ಸೂಚ್ಯಂಕವಂತೂ ನಿಫ್ಟಿಗಿಂತ ಬಹಳ ಜೋರಾಗಿ ಬಿತ್ತು.

ಮತ್ತೆ 2025ರ ಏಪ್ರಿಲ್ 7. ಅಮೆರಿಕದ ಸುಂಕದ ಘೋಷಣೆಯ ಬೆನ್ನಿಗೆ ನಿಫ್ಟಿ ಶೇ 3ಕ್ಕೂ ಹೆಚ್ಚು ಬಿದ್ದು 22,161ಕ್ಕೆ ಮುಗಿಯಿತು. ಎರಡು ದಿನದ ನಂತರ ಅಮೆರಿಕ ಆ ಸುಂಕಗಳಲ್ಲಿ ಹೆಚ್ಚಿನವನ್ನು 90 ದಿನ ತಡೆಹಿಡಿಯಿತು, ತಿಂಗಳ ಕೊನೆಗೆ ನಿಫ್ಟಿ 24,300 ದಾಟಿತ್ತು. ಹೀಗೆ ಒಂದು ವರ್ಷದೊಳಗೆ ಪೇಟೆ ಎರಡು ಸಲ ‘ಮಾರಿದವ ಕೆಟ್ಟ’ ಎಂದಿತು, ನಡುವೆ ಐದು ತಿಂಗಳು ‘ಕಾದವ ಕೆಟ್ಟ’ ಎಂದಿತು. ಮೊದಲ ದಿನವೇ ಇದು ಯಾವ ಇಳಿತವೆಂದು ಹೇಳಬಲ್ಲೆ ಎನ್ನುವವರನ್ನು ನಾನು ನಂಬುವುದಿಲ್ಲ. ಆದರೆ ಎರಡು ಮೂರು ವಾರ ಕಳೆದ ಮೇಲೆ ಸುಳಿವು ಸಿಗುತ್ತದೆ, ಮತ್ತು ನಿಮ್ಮ ಕೈಯಲ್ಲಿ ಈಗ ಮೂರು ತಿಂಗಳ ಸುಳಿವಿದೆ.

ಆ ಸುಳಿವನ್ನು ಓದುವುದು ಹೀಗೆ. ಒಂದು ಹಾಳೆಯಲ್ಲಿ ಪ್ರತಿ ಷೇರಿನ ಎದುರು ಮೂರು ಅಂಕಿ ಬರೆಯಿರಿ: ನೀವು ಕೊಂಡ ದಿನದಿಂದ ಇಂದಿನವರೆಗೆ ನಿಫ್ಟಿ ಶೇಕಡಾ ಎಷ್ಟು ಇಳಿಯಿತು, ಆ ಷೇರಿನ ವಲಯದ ಸೂಚ್ಯಂಕ ಎಷ್ಟು, ಷೇರು ಎಷ್ಟು. ಬ್ಯಾಂಕ್ ಷೇರು ಶೇ 8 ಇಳಿದು, ಸರ್ಕಾರಿ ಬ್ಯಾಂಕ್ ಸೂಚ್ಯಂಕವೂ ಶೇ 7-8 ಇಳಿದು, ನಿಫ್ಟಿ ಶೇ 6 ಇಳಿದಿದ್ದರೆ, ಆ ಬ್ಯಾಂಕ್ ಯಾವ ತಪ್ಪೂ ಮಾಡಿಲ್ಲ. ಎಲ್ಲರ ಜೊತೆ ತಾನೂ ಇಳಿದಿದೆ. ಪೇಟೆ ಚೇತರಿಸಿದರೆ ಅದೂ ಚೇತರಿಸುವ ಸಾಧ್ಯತೆ ಇದೆ. ಸಣ್ಣ ಕಂಪನಿಯ ಷೇರು ಮೊದಲ ಖರೀದಿಯಿಂದ ಶೇ 26ಕ್ಕೂ ಹೆಚ್ಚು ಬಿದ್ದಿದೆ. ಪೇಟೆ ಶೇ 6 ಇಳಿದಾಗ ಒಂದು ಷೇರು ಅದರ ನಾಲ್ಕು ಪಟ್ಟು ಬಿದ್ದರೆ, ಅಲ್ಲಿ ಪೇಟೆಯ ಕಾರಣಕ್ಕಿಂತ ಆ ಕಂಪನಿಯದೇ ಕಾರಣ ದೊಡ್ಡದಿರುತ್ತದೆ. ಅದು ಏನೆಂದು ನಿಮಗಾಗಲೀ ನನಗಾಗಲೀ ಇವತ್ತು ಗೊತ್ತಾಗಬೇಕೆಂದಿಲ್ಲ. ಮಾರುತ್ತಿರುವವರಿಗೆ ಗೊತ್ತಿರಬಹುದು.

ಅದರ ಜೊತೆಗೆ ವಾಲ್ಯೂಮ್ ನೋಡಿ. ಬೆಲೆ ಇಳಿದ ದಿನಗಳಲ್ಲಿ ಎಂದಿಗಿಂತ ಎರಡು ಮೂರು ಪಟ್ಟು ವಹಿವಾಟು ನಡೆದು, ಏರಿದ ದಿನಗಳಲ್ಲಿ ವಹಿವಾಟು ಸಪ್ಪೆಯಾಗಿದ್ದರೆ, ದೊಡ್ಡ ಕೈಗಳು ಹೊರಗೆ ಹೋಗುತ್ತಿವೆ ಎಂದು ತಿಳಿಯಿರಿ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಜಾಲತಾಣದಲ್ಲಿ ಪ್ರತಿ ಷೇರಿಗೂ ಆ ದಿನದ ವಹಿವಾಟಿನಲ್ಲಿ ಡೆಲಿವರಿ ಆದದ್ದು ಶೇಕಡಾ ಎಷ್ಟು ಎಂಬ ಅಂಕಿಯೂ ಸಿಗುತ್ತದೆ. ಇಳಿವ ದಿನ ಆ ಅಂಕಿ ಏರುತ್ತಿದ್ದರೆ ಮಾರಾಟ ಗಟ್ಟಿಯಾದದ್ದು. ಹಾಗೆಯೇ ಆ ಷೇರು ವಿನಿಮಯ ಕೇಂದ್ರದ ಹೆಚ್ಚುವರಿ ನಿಗಾ ಪಟ್ಟಿಗೆ, ಅಂದರೆ ಎಎಸ್‌ಎಂಗೆ, ಸೇರಿದೆಯೇ ನೋಡಿಕೊಳ್ಳಿ. ಸೇರಿದ್ದರೆ ಮಾರ್ಜಿನ್ (ಮುಂಗಡವಾಗಿ ಇಡಬೇಕಾದ ಹಣ) ಹೆಚ್ಚುತ್ತದೆ, ಕೆಲವು ಹಂತಗಳಲ್ಲಿ ದಿನದ ಬೆಲೆಮಿತಿ ಶೇ 5ಕ್ಕೆ ಇಳಿಯುತ್ತದೆ. ಆಮೇಲೆ ಲೋವರ್ ಸರ್ಕ್ಯೂಟ್‌ನಲ್ಲಿ, ಅಂದರೆ ಆ ದಿನದ ಕೆಳಮಿತಿಯಲ್ಲಿ, ಸಿಕ್ಕಿಬಿದ್ದರೆ ಮಾರುತ್ತೇನೆಂದರೂ ಕೊಳ್ಳುವವರು ಇರುವುದಿಲ್ಲ.

ಇನ್ನು ಆವರೇಜ್. ನಿಮ್ಮ ಲೆಕ್ಕವನ್ನೇ ಬಿಡಿಸೋಣ. 225ಕ್ಕೆ ಇದ್ದ ಸ್ಟಾಪ್‌ಲಾಸ್ ಆರ್ಡರನ್ನು ತೆಗೆಯದೆ ಬಿಟ್ಟಿದ್ದರೆ ನಷ್ಟ 7,500ರ ಆಸುಪಾಸು. ತೆಗೆದು, ಆದರೆ ಆವರೇಜ್ ಮಾಡದೆ ಸುಮ್ಮನಿದ್ದಿದ್ದರೆ 176ರ ದರದಲ್ಲಿ ನಷ್ಟ 32,000. ಆವರೇಜ್ ಮಾಡಿದ್ದರಿಂದ ಸರಾಸರಿ ಬೆಲೆ 225ಕ್ಕೆ ಇಳಿಯಿತು, ನಷ್ಟ ಮಾತ್ರ 49,000ಕ್ಕೆ ಏರಿತು. ನಿಮ್ಮ 4 ಲಕ್ಷದಲ್ಲಿ 2.25 ಲಕ್ಷ, ಅರ್ಧಕ್ಕಿಂತ ಹೆಚ್ಚು, ನಿಮ್ಮ ಮೂರು ಷೇರುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದ ಷೇರಿನಲ್ಲಿ ಸೇರಿಕೊಂಡಿತು. ಆ ಷೇರು 176ರಿಂದ 225ಕ್ಕೆ ಬರಲು ಶೇ 28ರಷ್ಟು ಏರಬೇಕು. ಈಗ 1 ಲಕ್ಷ ಸಾಲ ತಂದು ಮತ್ತೆ ಹಾಕಿದರೆ ಸರಾಸರಿ 207ಕ್ಕೆ ಬರುತ್ತದೆ ಎಂದು ನಿಮ್ಮ ಕ್ಯಾಲ್ಕುಲೇಟರ್ ತೋರಿಸಬಹುದು. ಅದು 150ಕ್ಕೆ ಹೋದರೆ ಎಷ್ಟು ಎಂಬುದನ್ನೂ ಅದೇ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ: ನಷ್ಟ 90 ಸಾವಿರದ ಹತ್ತಿರ, ಮೇಲೆ ಸೊಸೈಟಿಯ ಬಡ್ಡಿ.

ದೊಡ್ಡ ಕಂಪನಿಯಾದರೆ ಆವರೇಜ್ ಮಾಡಬಹುದು ಎನ್ನುವವರೂ ಇದ್ದಾರೆ. ಯೆಸ್ ಬ್ಯಾಂಕ್ ಆಗ ಸಣ್ಣದೇನೂ ಆಗಿರಲಿಲ್ಲ, ನಿಫ್ಟಿಯಲ್ಲೇ ಇತ್ತು. 2018ರ ಆಗಸ್ಟ್‌ನಲ್ಲಿ ಷೇರು 400 ರೂಪಾಯಿ ಮುಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಅದರ ಮುಖ್ಯಸ್ಥರ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊಟಕುಗೊಳಿಸಿದ ಸುದ್ದಿಗೆ ಒಂದೇ ದಿನ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ‘ಇಷ್ಟು ಅಗ್ಗಕ್ಕೆ ಮತ್ತೆ ಸಿಗದು’ ಎಂದು ಅಲ್ಲಿಂದ ಕೆಳಗೆ ಪ್ರತಿ ಮೆಟ್ಟಿಲಿನಲ್ಲೂ ಕೊಂಡವರಿದ್ದರು. 2020ರ ಮಾರ್ಚ್ 5ರಂದು ಬ್ಯಾಂಕ್ ಮೇಲೆ ನಿರ್ಬಂಧ ಬಿತ್ತು. ಪುನಶ್ಚೇತನ ಯೋಜನೆಯಲ್ಲಿ, 100 ಅಥವಾ ಹೆಚ್ಚು ಷೇರು ಇದ್ದವರ ಶೇ 75 ಪಾಲನ್ನು ಮೂರು ವರ್ಷ ಮಾರುವಂತಿಲ್ಲ ಎಂದಾಯಿತು. ಮೂರು ವಾರಕ್ಕೆಂದು ಕೊಂಡವರೂ ಅವರಲ್ಲಿದ್ದರು. ಇಳಿವ ಷೇರಿನಲ್ಲಿ ಆವರೇಜ್ ಮಾಡುವುದು ಎಂದೆಂದಿಗೂ ತಪ್ಪು ಎಂದು ನಾನು ಹೇಳುವುದಿಲ್ಲ. ಕೊಳ್ಳುವ ಮೊದಲೇ ‘ಅರ್ಧ ಈಗ, ಅರ್ಧ 10 ರೂಪಾಯಿ ಕೆಳಗೆ, ಒಟ್ಟು ನಷ್ಟದ ಮಿತಿ ಇಷ್ಟು’ ಎಂದು ಬರೆದಿಟ್ಟುಕೊಂಡಿದ್ದರೆ ಅದೊಂದು ಯೋಜನೆ. ಸ್ಟಾಪ್‌ಲಾಸ್ ತೆಗೆದುಹಾಕಿ ಅದೇ ಕೈಯಿಂದ ಮತ್ತೆ ಕೊಂಡರೆ ಅದು ಯೋಜನೆಯಲ್ಲ.

ಎಂಟಿಎಫ್ ಬಗ್ಗೆ ಹೆಚ್ಚು ಹೇಳುವುದು ಬೇಡ. ಷೇರು ಇಳಿದದ್ದು ಶೇ 10, ನಿಮ್ಮ ಸ್ವಂತ 60 ಸಾವಿರ ಕರಗಿದ್ದು ಶೇ 20. ಬಡ್ಡಿ ವರ್ಷಕ್ಕೆ ಶೇ 12 ಎಂದರೂ ಮೂರು ತಿಂಗಳಿಗೆ 1,800 ಹೋಯಿತು. ಇನ್ನೂ ಇಳಿದರೆ ಬ್ರೋಕರ್ ಮಾರ್ಜಿನ್ ತುಂಬಲು ಹೇಳುತ್ತಾರೆ, ತುಂಬದಿದ್ದರೆ ಅವರೇ ಮಾರುತ್ತಾರೆ, ಮತ್ತು ಆ ಮಾರಾಟ ಪೇಟೆ ತೀರಾ ಕೆಟ್ಟಿರುವ ದಿನವೇ ಆಗುತ್ತದೆ. ಕಾಯುವ ಶಕ್ತಿ ಇಲ್ಲದ ಹಣ ಅದು. ಪೇಟೆ ತಿರುಗಿದ ಸೂಚನೆ ಸಿಕ್ಕ ಕೂಡಲೇ ಮೊದಲು ಮುಚ್ಚಬೇಕಾದದ್ದು ಸಾಲದ ಖರೀದಿಯನ್ನು.

ಬ್ಯಾಂಕ್ ಷೇರಿನಲ್ಲಿ ಅರ್ಧವನ್ನೇಕೆ ಮಾರಬೇಕು ಎಂಬುದಕ್ಕೆ ನಿಮ್ಮ ಹೊಸ ಬಂಡವಾಳದ ಲೆಕ್ಕ ನೋಡಬೇಕು. ಸಣ್ಣ ಕಂಪನಿಯದು ಮಾರಿದರೆ 1.76 ಲಕ್ಷ, ಎಂಟಿಎಫ್‌ನಿಂದ ಸಾಲ, ಬಡ್ಡಿ ಕಳೆದು 46 ಸಾವಿರದಷ್ಟು, ಬ್ಯಾಂಕ್ ಷೇರು 92 ಸಾವಿರ, ಖಾತೆಯಲ್ಲಿ ಉಳಿದ 15 ಸಾವಿರ. ಒಟ್ಟು 3.29 ಲಕ್ಷ. ಅದರಲ್ಲಿ ಮದುವೆಯ 1.50 ಲಕ್ಷ ತೆಗೆದಿಟ್ಟರೆ ಟ್ರೇಡಿಂಗ್‌ಗೆ ನಿಜವಾಗಿ ಉಳಿಯುವುದು 1.79 ಲಕ್ಷ. ಇಷ್ಟು ದಿನ ನೀವು 4 ಲಕ್ಷದವರಂತೆ ವ್ಯವಹಾರ ಮಾಡುತ್ತಿದ್ದಿರಿ. ಮದುವೆಯ ದುಡ್ಡು ಅದರೊಳಗೇ ಇತ್ತು. ವೈಶಾಖಕ್ಕೆ ಬೇಕಾದ ಹಣಕ್ಕೆ ಷೇರು ಪೇಟೆ ಜಾಗವಲ್ಲ. ಪೇಟೆ ಅಂದು ಮೇಲಿರಲಿ ಕೆಳಗಿರಲಿ ಆ ಹಣ ಕೊಡಲೇಬೇಕು, ಆ ಒತ್ತಡವೇ ನಿಮ್ಮಿಂದ ತಪ್ಪು ಮಾಡಿಸುತ್ತಿದೆ.

ಇನ್ನು ಮುಂದೆ ಒಂದು ಖರೀದಿಯಲ್ಲಿ ಕಳೆದುಕೊಳ್ಳಲು ಸಿದ್ಧವಿರಬೇಕಾದದ್ದು ಬಂಡವಾಳದ ಶೇ 1, ಅಂದರೆ ಸುಮಾರು 1,800 ರೂಪಾಯಿ. ಬ್ಯಾಂಕ್ ಷೇರು ಈಗ 368ರಲ್ಲಿದೆ. ಚಾರ್ಟ್‌ನಲ್ಲಿ ಅದರ ಇತ್ತೀಚಿನ ತಳ, 200 ದಿನದ ಸರಾಸರಿ ಬೆಲೆ ಎರಡನ್ನೂ ನೋಡಿ ಗಡಿ ಗೊತ್ತುಮಾಡಿ. ಅದು 352 ಎಂದಿಟ್ಟುಕೊಳ್ಳೋಣ. 250 ಷೇರಿಗೆ 16 ರೂಪಾಯಿಯಂತೆ ಇನ್ನೂ 4,000 ಹೋಗಬಹುದು. ನಿಮ್ಮ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. 125 ಇಟ್ಟುಕೊಂಡರೆ 2,000. ಅದನ್ನು ತಾಳಿಕೊಳ್ಳಬಹುದು. ದಿನದ ಮುಕ್ತಾಯದ ಬೆಲೆ 352ಕ್ಕಿಂತ ಕೆಳಗೆ ಬಂದರೆ ಮರುದಿನ ಬೆಳಿಗ್ಗೆ ಉಳಿದದ್ದನ್ನೂ ಮಾರಿ. ದಿನದ ನಡುವೆ ಒಂದು ಗಳಿಗೆ ಮುಟ್ಟಿ ಮೇಲೆ ಬಂದರೆ ಬಿಡಿ. ಮುಕ್ತಾಯದ ಬೆಲೆಗೆ ಕಾಯುವುದರಿಂದ ಜೂನ್ 4ರಂಥ ದಿನದ ಗಾಬರಿಯಿಂದ ಪೂರ್ತಿ ಪಾರಾಗುತ್ತೀರಿ ಎಂದಲ್ಲ. ಆದರೆ ಕೆಟ್ಟ ಗಂಟೆಯಲ್ಲಿ ಕೆಟ್ಟ ದರಕ್ಕೆ ಮಾರುವುದು ಕಡಿಮೆಯಾಗುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಕೆಲವೊಮ್ಮೆ 352 ಎಂದುಕೊಂಡದ್ದು 345ಕ್ಕೆ ಮುಗಿಯುತ್ತದೆ. ಆ ಸಾಧ್ಯತೆಯನ್ನೂ ಸೇರಿಸಿಯೇ ಷೇರಿನ ಸಂಖ್ಯೆ ನಿರ್ಧರಿಸಬೇಕು.

ಪೇಟೆ ಕೆಟ್ಟಾಗ ಬಹಳ ಜನ ಮರೆಯುವ ವಿಷಯ ಇದು. ಇಳಿವ ಪೇಟೆಯಲ್ಲಿ ಷೇರುಗಳ ದಿನದ ಏರಿಳಿತ ಹಿಗ್ಗುತ್ತದೆ. ಚಾರ್ಟ್ ಆ್ಯಪ್‌ನಲ್ಲಿ ಎಟಿಆರ್ ಎಂದು ಹಾಕಿದರೆ ಕಳೆದ 14 ದಿನದ ಸರಾಸರಿ ಏರಿಳಿತ ಎಷ್ಟು ರೂಪಾಯಿ ಎಂದು ಕಾಣುತ್ತದೆ. 240ರ ಷೇರು ಶಾಂತವಾಗಿದ್ದಾಗ ದಿನಕ್ಕೆ 6 ರೂಪಾಯಿ ಆಚೀಚೆ ಆಗುತ್ತಿತ್ತು ಎನ್ನೋಣ. ಆಗ 15 ರೂಪಾಯಿ ಕೆಳಗೆ ಸ್ಟಾಪ್‌ಲಾಸ್ ಇಟ್ಟರೆ ಸಾಕು. 1,800ರ ಮಿತಿಗೆ 120 ಷೇರು ಕೊಳ್ಳಬಹುದು, 28,800 ರೂಪಾಯಿಯದು. ಅದೇ ಷೇರು ದಿನಕ್ಕೆ 12 ರೂಪಾಯಿ ಆಡತೊಡಗಿದರೆ 15 ರೂಪಾಯಿಯ ಸ್ಟಾಪ್‌ಲಾಸ್ ಯಾವ ಕಾರಣವೂ ಇಲ್ಲದೆ ಮರುದಿನವೇ ಹೊಡೆಯುತ್ತದೆ. ದೂರವನ್ನು 30 ರೂಪಾಯಿಗೆ ಏರಿಸಬೇಕು, ಷೇರಿನ ಸಂಖ್ಯೆಯನ್ನು 60ಕ್ಕೆ ಇಳಿಸಬೇಕು. ಸ್ಟಾಪ್‌ಲಾಸ್ ದೂರ ಮಾಡಿ ಸಂಖ್ಯೆಯನ್ನು ಹಾಗೇ ಬಿಟ್ಟರೆ ನಷ್ಟ ಇಮ್ಮಡಿ; ಸಂಖ್ಯೆ ಇಳಿಸದೆ ಸ್ಟಾಪ್‌ಲಾಸ್ ಹತ್ತಿರವೇ ಇಟ್ಟರೆ ಸಣ್ಣ ಸಣ್ಣ ನಷ್ಟಗಳ ಸಾಲು. ‘ನನ್ನ ಸ್ಟಾಪ್‌ಲಾಸ್ ಹೊಡೆದೇ ಷೇರು ಮೇಲೆ ಹೋಗುತ್ತದೆ’ ಎಂಬ ದೂರು ಹೆಚ್ಚಾಗಿ ಬರುವುದು ಇಂಥ ದಿನಗಳಲ್ಲೇ.

ಸ್ಟಾಪ್‌ಲಾಸ್ ಆರ್ಡರ್ ಹಾಕುವ ಬಗೆಯಲ್ಲೂ ಒಂದು ಎಚ್ಚರ ಬೇಕು. ಸಾಮಾನ್ಯ ಸ್ಟಾಪ್‌ಲಾಸ್ ಆರ್ಡರ್ ಆ ದಿನಕ್ಕೆ ಮಾತ್ರ, ಸಂಜೆ ರದ್ದಾಗುತ್ತದೆ. ಹಲವು ದಿನ ಇರಬೇಕೆಂದರೆ ಬ್ರೋಕರ್ ಆ್ಯಪ್‌ನಲ್ಲಿ ಜಿಟಿಟಿ (ಹೇಳಿದ ಬೆಲೆ ಮುಟ್ಟುವವರೆಗೆ ಕಾಯುವ ಆರ್ಡರ್) ಹಾಕುತ್ತೀರಿ. ಜಿಟಿಟಿ ಎಂದರೆ ಭರವಸೆಯಲ್ಲ. ಟ್ರಿಗರ್ ಬೆಲೆ ಮುಟ್ಟಿದಾಗ ಅದು ಸಾಮಾನ್ಯವಾಗಿ ಒಂದು ಲಿಮಿಟ್ ಆರ್ಡರನ್ನು, ಅಂದರೆ ಹೇಳಿದ ದರಕ್ಕಿಂತ ಕಡಿಮೆಗೆ ಮಾರದ ಆರ್ಡರನ್ನು, ಕಳಿಸುತ್ತದೆ, ಅಷ್ಟೆ. ಉದಾಹರಣೆಗೆ, ಟ್ರಿಗರ್ 352, ಲಿಮಿಟ್ 351 ಎಂದು ಹಾಕಿದ್ದೀರಿ. ರಾತ್ರಿ ಏನೋ ಕೆಟ್ಟ ಸುದ್ದಿ ಬಂತು, ಬೆಳಿಗ್ಗೆ 9.15ಕ್ಕೆ ಷೇರು 343ಕ್ಕೇ ತೆರೆಯಿತು. ನಿಮ್ಮ ಆರ್ಡರ್ 351ಕ್ಕೆ ಮಾರಲು ಕಾಯುತ್ತ ಕೂರುತ್ತದೆ, ಷೇರು 335ಕ್ಕೆ ಇಳಿಯುತ್ತ ಹೋಗುತ್ತದೆ, ನೀವು ಮಿಲ್ಲಿನಲ್ಲಿ ಬಿಲ್ಲು ಬರೆಯುತ್ತ ‘ಸ್ಟಾಪ್‌ಲಾಸ್ ಇದೆಯಲ್ಲ’ ಎಂದುಕೊಂಡಿರುತ್ತೀರಿ. ಟ್ರಿಗರ್ ಮತ್ತು ಲಿಮಿಟ್ ನಡುವೆ ಶೇ 2-3 ಅಂತರ ಬಿಡಿ. 9ರಿಂದ 9.08ರವರೆಗಿನ ಪ್ರೀ-ಓಪನ್ ವೇಳೆಯಲ್ಲಿ ನಿಮ್ಮ ಷೇರು ಎಲ್ಲಿ ತೆರೆಯುವಂತಿದೆ ಎಂದು ಒಮ್ಮೆ ನೋಡಿ. ಹಗಲೆಲ್ಲ ಆ್ಯಪ್ ನೋಡುವ ಕೆಲಸ ನಿಮ್ಮದಲ್ಲ, ಬೆಳಗಿನ ಐದು ನಿಮಿಷ ಸಾಕು.

ಪೇಟೆ ಈಗ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ವಾರಕ್ಕೊಮ್ಮೆ ಮೂರು ವಿಷಯ ನೋಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ: ನಿಫ್ಟಿ ತನ್ನ 200 ದಿನದ ಸರಾಸರಿಗಿಂತ ಮೇಲಿದೆಯೇ, ಏರಿದ ಷೇರುಗಳ ಸಂಖ್ಯೆ ಇಳಿದವುಗಳಿಗಿಂತ ಹೆಚ್ಚಿದೆಯೇ, ಇಂಡಿಯಾ ವಿಐಎಕ್ಸ್ (ಪೇಟೆಯ ಏರಿಳಿತದ ಅಂದಾಜು ಹೇಳುವ ಸೂಚ್ಯಂಕ) ಇಳಿಯುತ್ತಿದೆಯೇ. ನಿಫ್ಟಿ ಏರುತ್ತಿದ್ದರೂ ಹೆಚ್ಚಿನ ಷೇರುಗಳು ಇಳಿಯುತ್ತಿದ್ದರೆ ನಾಲ್ಕಾರು ದೊಡ್ಡ ಕಂಪನಿಗಳಷ್ಟೇ ಸೂಚ್ಯಂಕವನ್ನು ಎತ್ತಿ ಹಿಡಿದಿವೆ ಎಂದರ್ಥ. ನಿಮ್ಮಂಥವರು ಕೊಳ್ಳುವ ಮಧ್ಯಮ, ಸಣ್ಣ ಷೇರುಗಳಿಗೆ ಅದರಿಂದ ಪ್ರಯೋಜನವಿಲ್ಲ. ಮೂರರಲ್ಲಿ ಎರಡಾದರೂ ಅನುಕೂಲಕ್ಕೆ ಬರುವವರೆಗೆ ಒಂದು ಸಲಕ್ಕೆ ಒಂದೇ ಷೇರು, ಅದೂ ಮೇಲಿನ ಲೆಕ್ಕದ ಅರ್ಧಕ್ಕೆ. ಏನೂ ಕೊಳ್ಳದೆ ಎರಡು ವಾರ ಕಳೆದರೂ ಅದು ಟ್ರೇಡಿಂಗ್‌ನ ಭಾಗವೇ.

ಈ ಹಂತದಲ್ಲಿ ಹೋದದ್ದನ್ನು ಬೇಗ ಗಳಿಸಬೇಕೆಂಬ ಆಸೆ ಬಹಳ ಎಳೆಯುತ್ತದೆ, ಅದು ನನಗೆ ಗೊತ್ತು. ಇಂಟ್ರಾಡೇಗೆ (ಅಂದೇ ಕೊಂಡು ಅಂದೇ ಮಾರುವುದು), ಅಲ್ಲಿಂದ ಆಪ್ಷನ್‌ಗೆ (ಮುಂದಿನ ಬೆಲೆಯ ಮೇಲಿನ ಒಪ್ಪಂದ) ಹೋಗುವ ದಾರಿ ಹೀಗೇ ಶುರುವಾಗುತ್ತದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ಷೇರಿನ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಜನ ನಷ್ಟ ಅನುಭವಿಸಿದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ಸಲ ವಹಿವಾಟು ಮಾಡಿದವರಲ್ಲಿ ಆ ಪ್ರಮಾಣ ಶೇ 80. ಹೆಚ್ಚು ಸಲ ಮಾಡಿದವರು ಹೆಚ್ಚು ಕಲಿತು ಗೆಲ್ಲಲಿಲ್ಲ, ಹೆಚ್ಚು ಸೋತರು. ಅದೇ ವರ್ಷದ ಸೆಪ್ಟೆಂಬರ್‌ನ ಇನ್ನೊಂದು ಅಧ್ಯಯನದಲ್ಲಿ, 2021-22ರಿಂದ ಮೂರು ವರ್ಷ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿಗೆ ನಷ್ಟವಾಗಿತ್ತು, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ‘ಪುಟ್ ಕೊಂಡು ಹೆಡ್ಜ್ ಮಾಡಿಕೊಳ್ಳಿ’ (ಬೆಲೆ ಇಳಿದರೆ ಲಾಭ ತರುವ ಆಪ್ಷನ್ ಕೊಂಡು ನಷ್ಟಕ್ಕೆ ರಕ್ಷಣೆ ಮಾಡಿಕೊಳ್ಳಿ) ಎಂದು ಗ್ರೂಪಿನಲ್ಲಿ ಯಾರಾದರೂ ಹೇಳಿದರೆ, 1.79 ಲಕ್ಷದ ಬಂಡವಾಳಕ್ಕೆ ಇರುವ ಹೆಡ್ಜ್ ಕಡಿಮೆ ಷೇರು ಕೊಳ್ಳುವುದು ಮಾತ್ರ ಎಂದು ನೆನಪಿಟ್ಟುಕೊಳ್ಳಿ.

ನಷ್ಟಕ್ಕೆ ಮಾರುವುದರಲ್ಲಿ ಒಂದು ಸಣ್ಣ ಅನುಕೂಲವೂ ಇದೆ, ಲೆಕ್ಕ ಬರೆಯುವ ನಿಮಗೆ ಅದು ಬೇಗ ತಿಳಿಯುತ್ತದೆ. ವರ್ಷದೊಳಗೆ ಮಾರಿ ಬಂದ ಲಾಭಕ್ಕೆ 2024ರ ಜುಲೈ 23ರಿಂದ ತೆರಿಗೆ ಶೇ 20. ನಿಮ್ಮ 60 ಸಾವಿರ ಲಾಭಕ್ಕೆ 12,000, ಸೆಸ್ ಸೇರಿ 12,480. ಸಣ್ಣ ಕಂಪನಿಯ 49,000, ಎಂಟಿಎಫ್‌ನ 12,000, ಬ್ಯಾಂಕಿನ 125 ಷೇರಿನ 4,000, ಒಟ್ಟು 65,000 ನಷ್ಟವನ್ನು ಮಾರ್ಚ್ 31ರೊಳಗೆ ಮಾರಿ ತೋರಿಸಿದರೆ ಆ 60 ಸಾವಿರ ಲಾಭ ಪೂರ್ತಿ ವಜಾ ಆಗುತ್ತದೆ. ಆ ಲಾಭದ ಮೇಲಿನ ತೆರಿಗೆ ಉಳಿಯುತ್ತದೆ, ಮಿಕ್ಕ 5,000 ನಷ್ಟವನ್ನು ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಷೇರನ್ನು ಮಾರದೆ ಕೈಯಲ್ಲಿಟ್ಟುಕೊಂಡ ನಷ್ಟ ಈ ಲೆಕ್ಕಕ್ಕೆ ಬರುವುದಿಲ್ಲ. ಮುಂದಕ್ಕೆ ಒಯ್ಯಬೇಕಾದರೆ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗಿರಬೇಕು, ಅದು ಐಟಿಆರ್-2 ಆಗಿರಬೇಕು. ಸಂಬಳದವರೆಂದು ಪ್ರತಿ ವರ್ಷದಂತೆ ಐಟಿಆರ್-1 ತುಂಬಿಬಿಡಬೇಡಿ. ನಡುವೆ ಎಲ್ಲಾದರೂ ಇಂಟ್ರಾಡೇ ಮಾಡಿದ್ದರೆ ಅದು ಸಟ್ಟಾ ವ್ಯವಹಾರದ ಆದಾಯವಾಗಿ ಐಟಿಆರ್-3ಕ್ಕೆ ಹೋಗುತ್ತದೆ, ಅದರ ನಷ್ಟ ಈ ಲಾಭದ ಎದುರು ವಜಾ ಆಗುವುದಿಲ್ಲ. ಮಿಲ್ಲಿನ ಲೆಕ್ಕಪರಿಶೋಧಕರಿಗೆ ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಅಂಡ್ ಎಲ್ ವರದಿ ತೋರಿಸಿ ಒಮ್ಮೆ ಕೇಳಿಕೊಳ್ಳಿ.

ಮಾರಿದ ಮರುದಿನವೇ ಹಣ ಟ್ರೇಡಿಂಗ್ ಖಾತೆಗೆ ಬರುತ್ತದೆ. ಅಲ್ಲಿ ಬಿಡದೆ ಅಂದೇ ಬ್ಯಾಂಕಿಗೆ ವಾಪಸ್ ಕಳಿಸಿ, ಮದುವೆಯ ಪಾಲನ್ನು ಎಫ್‌ಡಿ ಮಾಡಿ. ಮಾರಿದ ಮೇಲೆ ಆ ಸಣ್ಣ ಕಂಪನಿಯ ಷೇರು 200ಕ್ಕೆ ಏರಬಹುದು. ಏರಿದರೆ ನಿಮ್ಮ ಹೊಟ್ಟೆ ಉರಿಯುತ್ತದೆ, ಆದರೂ ಇಂದಿನ ನಿರ್ಧಾರ ತಪ್ಪಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬಂಡವಾಳವನ್ನು ಕಾರಣ ಗೊತ್ತಿಲ್ಲದೆ ಬೀಳುತ್ತಿರುವ ಒಂದೇ ಷೇರಿನಲ್ಲಿ ಇಡುವುದು ಅದು ಏರಿದರೂ ತಪ್ಪೇ. ನಿಜವಾಗಿಯೂ ಆ ಕಂಪನಿಯಲ್ಲಿ ನಂಬಿಕೆ ಇದ್ದರೆ, ಮಾರಿದ ನಂತರ ಬಿಡುವಾಗಿ ಕುಳಿತು ಅದರ ವಾರ್ಷಿಕ ವರದಿ, ಕಳೆದ ನಾಲ್ಕು ತ್ರೈಮಾಸಿಕದ ಫಲಿತಾಂಶ ಓದಿ. ಓದಿದ ಮೇಲೂ ಬೇಕೆನಿಸಿದರೆ ಸಂಬಳದಿಂದ ತಿಂಗಳಿಗಿಷ್ಟು ಎಂದು, ಬೇರೆ ಹಣದಲ್ಲಿ ಕೊಳ್ಳಿ.

ಕೊನೆಯದಾಗಿ ಆ ಟೆಲಿಗ್ರಾಂ ಗ್ರೂಪ್. ‘ಹೋಲ್ಡ್ ಮಾಡ್ರಿ’ ಎನ್ನುತ್ತಿರುವವರು ಸೆಬಿಯಲ್ಲಿ ನೋಂದಾಯಿತ ರಿಸರ್ಚ್ ಅನಾಲಿಸ್ಟೇ? ಹಾಗಿದ್ದರೆ ಅವರಿಗೆ ಐಎನ್‌ಎಚ್ ಎಂದು ಶುರುವಾಗುವ ಸಂಖ್ಯೆ ಇರಬೇಕು. ಹೂಡಿಕೆ ಸಲಹೆಗಾರರಾದರೆ ಐಎನ್‌ಎ. ಸಂಖ್ಯೆ ಕೇಳಿ, ಸೆಬಿ ಜಾಲತಾಣದ ಪಟ್ಟಿಯಲ್ಲಿ ಅದೇ ಹೆಸರು ಇದೆಯೇ ಹೋಲಿಸಿ ನೋಡಿ. ಇಲ್ಲದಿದ್ದರೆ ಗ್ರೂಪಿನಿಂದ ಹೊರಬನ್ನಿ. ಶುಲ್ಕ ಕೊಟ್ಟಿದ್ದರೆ ರಸೀತಿ, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನೋಂದಣಿ ಇದ್ದವರ ಮೇಲಿನ ದೂರನ್ನು ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ಕಲಬುರಗಿಯಲ್ಲೇ ಕುಳಿತು ಸಲ್ಲಿಸಬಹುದು. ನೋಂದಣಿ ಇಲ್ಲದೆ ಹಣ ಪಡೆದು ಮೋಸ ಮಾಡಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.